ಅಡಿಕೆ ತೋಟದ ಟೈಮರ್‌ಗೆ ಕ್ರಿಸ್ಟಲ್ ಬೇಕಾ?

ಅಣ್ಣಾ, ಚನ್ನಗಿರಿ ತೋಟದ ಡ್ರಿಪ್‌ಗೆ ನೀವು ಮಾಡಿದ ಟೈಮರ್ ದಿನಕ್ಕೆ ಕಾಲು ಗಂಟೆ ಹಿಂದೆ ಬೀಳುತ್ತಿದೆ, 16 ಮೆಗಾಹರ್ಟ್ಸ್ ಕ್ರಿಸ್ಟಲ್ (ಚಿಪ್ಪಿಗೆ ತಾಳ ಕೊಡುವ ಸ್ಫಟಿಕದ ಬಿಡಿಭಾಗ) ಹಾಕಿದರೆ ಸರಿಹೋಗುತ್ತಾ ಎಂದು ಕೇಳಿದ್ದೀರಿ. ಅರ್ಧ ಸರಿಹೋಗುತ್ತದೆ.

ಈಗ ನಿಮ್ಮ ಟೈಮರಿನ ಎಟಿಮೆಗಾ328ಪಿ ಮೈಕ್ರೊಕಂಟ್ರೋಲರ್ ಚಿಪ್ ಓಡುತ್ತಿರುವುದು ಚಿಪ್ಪಿನೊಳಗಿನ 8 ಮೆಗಾಹರ್ಟ್ಸ್ ಆಸಿಲೇಟರ್, ಅಂದರೆ ತಾಳ ಕೊಡುವ ಸರ್ಕ್ಯೂಟ್ ಮೇಲೆ. ಕಾರ್ಖಾನೆಯಿಂದ ಬಂದಾಗಲೇ ಅದರಲ್ಲಿ ಶೇ 10ರವರೆಗೆ ವ್ಯತ್ಯಾಸ ಇರಬಹುದು. ಬಿಸಿಗೂ ವೋಲ್ಟೇಜಿಗೂ ಅದು ಅಲುಗಾಡುತ್ತದೆ. ಬರೀ ಶೇ 1 ತಪ್ಪಿದರೂ ದಿನಕ್ಕೆ 14 ನಿಮಿಷ ಹೋಯಿತು. ತಗಡಿನ ಪಂಪ್‌ಹೌಸಿನ ಬೇಸಿಗೆ ಕಾವು ನಿಮಗೇ ಗೊತ್ತಲ್ವಾ? ಆದರೆ ಎಲ್‌ಇಡಿ ಮಿನುಗಿಸಲು, ರಿಲೇ ಆನ್ ಮಾಡಲು ಇಷ್ಟು ನಿಖರತೆ ಸಾಕು. ಹೊಸಬರು ಇದರಲ್ಲೇ ಶುರು ಮಾಡಲಿ, ಸುಮ್ನೆ ಬಿಡಿಭಾಗ ಜಾಸ್ತಿ ಮಾಡಿಕೊಳ್ಳುವುದು ಬೇಡ.

ಸೀರಿಯಲ್‌ನಲ್ಲಿ (ಕಂಪ್ಯೂಟರಿಗೆ ಮಾಹಿತಿ ಕಳಿಸುವ ತಂತಿಯಲ್ಲಿ) ಅಕ್ಷರ ಕೆಟ್ಟು ಬರುತ್ತಿದ್ದರೆ ಕ್ರಿಸ್ಟಲ್ ಬದಲು ಮೂರು ಕಾಲಿನ ಸೆರಾಮಿಕ್ ರೆಸೊನೇಟರ್ ಸಾಕು. ಕೆಪಾಸಿಟರ್ ಒಳಗೇ ಇರುತ್ತದೆ. ಸಾಮಾನ್ಯವಾಗಿ ಶೇ 0.5 ಆಚೀಚೆ. ಆರ್ಡುಯಿನೊ ಊನೊ ಆರ್3 ಬೋರ್ಡಿನ ಮುಖ್ಯ ಚಿಪ್ಪಿಗೂ ಇರುವುದು ಇದೇ.

ಕ್ರಿಸ್ಟಲ್ ಆದರೆ ದಿನಕ್ಕೆ ಎರಡರಿಂದ ನಾಲ್ಕು ಸೆಕೆಂಡ್ ಅಷ್ಟೇ ತಪ್ಪುತ್ತದೆ. ಚಿಪ್ಪಿನ 9 ಮತ್ತು 10ನೇ ಕಾಲಿಗೆ ಒತ್ತಿಕೊಂಡಂತೆ ಹಾಕಿ. ಎರಡೂ ಕಡೆಯಿಂದ ಗ್ರೌಂಡಿಗೆ 22 ಪಿಕೊಫ್ಯಾರಡ್ ಕೆಪಾಸಿಟರ್ ಕೊಡಿ. ದಾವಣಗೆರೆಯಲ್ಲಿ ಕೊಳ್ಳುವಾಗ ಕೆಪಾಸಿಟರ್ ಮೇಲಿನ ಬರಹ ನೋಡಿ: 22 ಅಥವಾ 220 ಅಂತಿದ್ದರೆ ಸರಿ, 221 ಅಂದರೆ ಹತ್ತು ಪಟ್ಟು, ಅದು ಬೇಡ. ಬೋರ್ಡ್ 3.3 ವೋಲ್ಟಿನಲ್ಲಿ ಓಡುವುದಾದರೆ 16 ಬೇಡ, 8 ಮೆಗಾಹರ್ಟ್ಸ್ ತಗೊಳ್ಳಿ. ಫ್ಯೂಸ್ ಬಿಟ್ (ಯಾವ ತಾಳದಲ್ಲಿ ಓಡಬೇಕೆಂದು ಚಿಪ್ಪಿಗೆ ಹೇಳುವ ಸೆಟ್ಟಿಂಗ್) ಬದಲಿಸುವ ಮೊದಲೇ ಕ್ರಿಸ್ಟಲ್ ಕೂತಿರಲಿ. ಇಲ್ಲದಿದ್ದರೆ ಚಿಪ್ಪಿಗೆ ಪ್ರೋಗ್ರಾಂ ತುಂಬುವ ಸಾಧನವಾದ ಪ್ರೋಗ್ರಾಮರ್‌ಗೆ ಚಿಪ್ ಸಿಗುವುದಿಲ್ಲ. ಸತ್ತಿತು ಎಂದು ಬಿಸಾಡಬೇಡಿ, ಕ್ರಿಸ್ಟಲ್ ಹಾಕಿದರೆ ಮತ್ತೆ ಸಿಗುತ್ತದೆ.

ಉಳಿದರ್ಧ ಸಮಸ್ಯೆ ಕರೆಂಟಿನದು. ಕರೆಂಟ್ ಹೋದರೆ ಎಷ್ಟು ಒಳ್ಳೆ ಕ್ರಿಸ್ಟಲ್ ಇದ್ದರೂ ಎಣಿಕೆ ಸೊನ್ನೆಗೆ ಬಂತು. ತ್ರೀ ಫೇಸ್ ಯಾವಾಗ ಬರುತ್ತೋ ಯಾವಾಗ ಹೋಗುತ್ತೋ ಎನ್ನುವ ತೋಟಕ್ಕೆ ನನ್ನ ಸಲಹೆ ಡಿಎಸ್3231 ಗಡಿಯಾರದ ಮಾಡ್ಯೂಲ್. ಕರೆಂಟ್ ಹೋದರೂ ಅದು ತನ್ನ ಸೆಲ್ ಮೇಲೆ ಸಮಯ ಎಣಿಸುತ್ತಲೇ ಇರುತ್ತದೆ, ಬಿಸಿಗೆ ತಕ್ಕಂತೆ ತನ್ನನ್ನೇ ತಿದ್ದಿಕೊಳ್ಳುತ್ತದೆ. 0ರಿಂದ 40 ಡಿಗ್ರಿಯೊಳಗೆ ವರ್ಷಕ್ಕೆ ಸುಮಾರು ಒಂದು ನಿಮಿಷ ತಪ್ಪಬಹುದು ಅಷ್ಟೇ. ಇದನ್ನು ಹಾಕಿದರೆ ಚಿಪ್ಪಿನೊಳಗಿನ ಆಸಿಲೇಟರೇ ಸಾಕು, ಕ್ರಿಸ್ಟಲ್ ಕೊಳ್ಳಲೇಬೇಡಿ.

ಸೆಲ್ ಬಗ್ಗೆ ಒಂದು ಎಚ್ಚರ. ಅಗ್ಗದ ನೀಲಿ ಮಾಡ್ಯೂಲ್‌ಗಳಲ್ಲಿ ಸೆಲ್ ಚಾರ್ಜ್ ಮಾಡುವ ಡಯೋಡ್ ಇರುತ್ತದೆ. ನಾಣ್ಯದಾಕಾರದ ಸಿಆರ್2032 ಚಾರ್ಜ್ ಆಗುವ ಸೆಲ್ ಅಲ್ಲ. ಅದನ್ನು ಹಾಕುವುದಾದರೆ ಮೊದಲು ಆ ಡಯೋಡ್ ಕಿತ್ತುಬಿಡಿ.