ಕೆಲಸ ಬಿಡದೆ ಎಂ.ಎ. ಓದಬಹುದಾ?

ಪ್ರಶ್ನೆ: ಬಿ.ಎ. ಮುಗಿಸಿ ಬಾಲಮಂದಿರವೊಂದರಲ್ಲಿ ಕೆಲಸಕ್ಕಿದ್ದೇನೆ, ರಾತ್ರಿ ಪಾಳಿಯೂ ಬರುತ್ತದೆ. ದೂರಶಿಕ್ಷಣದಲ್ಲಿ ಮನಶ್ಶಾಸ್ತ್ರ ಎಂ.ಎ. ಮಾಡುವ ಆಸೆ. ಆಗುತ್ತಾ ಮೇಡಂ?
— ಓದುಗಿ, ಹಾವೇರಿ

ಉತ್ತರ: ಮನಶ್ಶಾಸ್ತ್ರ ಈಗ ಕಷ್ಟ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಅದನ್ನು ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ಕಲಿಸಬಾರದೆಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಹೇಳಿದೆ. ಯಾರಾದರೂ ಏಜೆಂಟ್ 'ಸೀಟ್ ಇದೆ, ಫೀಸ್ ಕಟ್ಟಿ' ಅಂದರೆ ಸುಮ್ನೆ ಎದ್ದು ಬನ್ನಿ.

ನಿಮ್ಮ ಕೆಲಸಕ್ಕೆ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಚೆನ್ನಾಗಿ ಹೊಂದುತ್ತದೆ, ಅಲ್ವಾ? ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಯಾವ ಪದವಿ ಇದ್ದರೂ ಸೇರಬಹುದು. ಎರಡು ವರ್ಷದ ಕೋರ್ಸು, ಆದರೆ ನಾಲ್ಕು ವರ್ಷದವರೆಗೆ ಎಳೆಯಬಹುದು, ಪಾಳಿ ಕೆಲಸದವರಿಗೆ ಇದೇ ದೊಡ್ಡ ಅನುಕೂಲ. ಪರೀಕ್ಷೆ ಜೂನ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ, ಈ ಸಲ ಎರಡೇ ಪೇಪರ್ ಬರೆದು ಉಳಿದದ್ದನ್ನು ಮುಂದಕ್ಕೆ ಇಟ್ಟುಕೊಂಡರೂ ಯಾರೂ ಕೇಳುವುದಿಲ್ಲ. ಕನ್ನಡದಲ್ಲಿ ಮಾತ್ರ ಇಲ್ಲ, ಇಂಗ್ಲಿಷ್ ಇಲ್ಲವೇ ಹಿಂದಿ. ಇದು ನನಗೂ ಬೇಜಾರಿನ ವಿಷಯವೇ.

ಜನ ಸೋಲುವುದು ಪರೀಕ್ಷೆಯಲ್ಲಲ್ಲ, ಫೀಲ್ಡ್ ವರ್ಕ್‌ನಲ್ಲಿ. ಮನೆಭೇಟಿ, ಕೇಸ್ ವರ್ಕ್ (ಒಬ್ಬೊಬ್ಬರ ಸಮಸ್ಯೆ ತಿಳಿದು ನೆರವಾಗುವುದು), ಎಲ್ಲಕ್ಕೂ ವರದಿ ಬರೆಯಬೇಕು, ಮೇಲ್ವಿಚಾರಕರ ಸಹಿ ಬೇಕು. ಅದಕ್ಕೇ ಸೇರುವ ಮೊದಲೇ ನಿಮ್ಮ ಮೇಲಧಿಕಾರಿ ಹತ್ತಿರ ರಜೆ, ಪಾಳಿ ಬದಲಾವಣೆ ಮಾತಾಡಿ, ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ. ವರದಿಯಲ್ಲಿ ಮಕ್ಕಳ ನಿಜವಾದ ಹೆಸರು, ಊರು ಹಾಕಲೇಬೇಡಿ.

'ದೂರಶಿಕ್ಷಣದ ಡಿಗ್ರಿಗೆ ಬೆಲೆ ಇಲ್ಲ' ಎನ್ನುವವರಿಗೆ ಯುಜಿಸಿಯ 2022ರ ಪ್ರಕಟಣೆ ತೋರಿಸಿ. ಮಾನ್ಯತೆ ಇರುವ ಕಡೆ ಓದಿದ್ದರೆ ಅದೂ ರೆಗ್ಯುಲರ್ ಪದವಿಗೆ ಸಮಾನ.