ಟ್ರಾನ್ಸಿಸ್ಟರ್ ಗಿಟಾರ್ ಆಂಪ್‌ನಲ್ಲಿ ವಾಲ್ವ್ ಆಂಪ್‌ನ ನಾದ ಬರಿಸಲು ಯಾವ ಪೆಡಲ್ ಕೊಳ್ಳಬೇಕು?

ಮಂಡ್ಯದ ಮನೆಯಲ್ಲಿ 20 ವ್ಯಾಟ್‌ನ ಆಂಪ್, 8 ಅಂಗುಲದ ಸ್ಪೀಕರ್, ಗೇನ್ (ಸಿಗ್ನಲ್ ಹಿಗ್ಗಿಸುವ ಗುಂಡಿ) ಏರಿಸಿದರೆ ತಗಡಿನ ಡಬ್ಬಿಯಲ್ಲಿ ದುಂಬಿ ಸಿಕ್ಕಿಕೊಂಡಂಥ ಸದ್ದು ಎಂದು ಬರೆದಿದ್ದೀರಿ. ಪೆಡಲ್, ಅಂದರೆ ಗಿಟಾರ್ ಮತ್ತು ಆಂಪ್ ನಡುವೆ ಇಟ್ಟು ಕಾಲಿನಿಂದ ಒತ್ತುವ, ನಾದ ಬದಲಿಸುವ ಡಬ್ಬಿ, ಆಮೇಲೆ. ಮೊದಲು ಸ್ಪೀಕರ್ ನೋಡಿ.

ಮೈಸೂರಿನಲ್ಲಿ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೆ ನುಡಿಸುತ್ತಿದ್ದಾಗ ನನ್ನದೂ ಇದೇ ಗೋಳು. ಮೂರು ಪೆಡಲ್ ಕೊಂಡು ಮೂರನ್ನೂ ಅರ್ಧ ಬೆಲೆಗೆ ಮಾರಿದೆ. ಒಂದು ದಿನ ಸರಸ್ವತಿಪುರಂನ ಗೆಳೆಯನ ಮನೆಯಲ್ಲಿ, ಹಿಂಬದಿ ಅರ್ಧ ತೆರೆದ ಪೆಟ್ಟಿಗೆಯಲ್ಲಿದ್ದ 12 ಅಂಗುಲದ ಗಿಟಾರ್ ಸ್ಪೀಕರಿಗೆ ಅದೇ ಆಂಪ್‌ನ ವೈರ್ ಸಿಕ್ಕಿಸಿದೆವು. ದಪ್ಪ ತಂತಿ ಮೀಟಿದ್ದೇ ತಡ, ಅಡುಗೆಮನೆಯಿಂದ ಅವನ ತಾಯಿ, "ಹೊಸದು ತಂದಿರೇನಪ್ಪಾ?" ಎಂದರು. ಗಿಟಾರಿಗೆಂದೇ ಮಾಡಿದ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ಬೇಗ ಸೊರಗುತ್ತದೆ, ದುಂಬಿಯ ಕಾಟ ಹೆಚ್ಚಾಗಿ ಅದರಾಚೆಗೇ ಇರುವುದು. ಟ್ವೀಟರ್ (ಕೀರಲು ಸ್ವರಕ್ಕಿರುವ ಪುಟ್ಟ ಸ್ಪೀಕರ್) ಇರುವ ಪೆಂಡಾಲಿನ ಸ್ಪೀಕರ್ ಇದಕ್ಕೆ ಒಗ್ಗುವುದಿಲ್ಲ.

ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಮಾತ್ರ ಜೋಪಾನ. ಆಂಪ್ ಕನಿಷ್ಠ 8 ಓಮ್ ಕೇಳಿದರೆ 4 ಓಮ್‌ನದನ್ನು ಹಾಕಬೇಡಿ. ನಾನು ಹಾಕಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಕೊಂಡು, ಬಿಡಿಭಾಗಕ್ಕಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ ಅಲೆದೆ. 16 ಓಮ್ ಹಾಕಿದರೆ ಸದ್ದು ತುಸು ತಗ್ಗುತ್ತದೆ, ಅಷ್ಟೆ.

ಈಗ ಪೆಡಲ್. ವಾಲ್ವ್, ಅಂದರೆ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ಕೊಳವೆ, ತನ್ನ ಮಿತಿ ಹತ್ತಿರವಾದಂತೆ ಅಲೆಯ ತುದಿಯನ್ನು ಮೆಲ್ಲಗೆ ದುಂಡಾಗಿಸುತ್ತದೆ. ಟ್ರಾನ್ಸಿಸ್ಟರ್ ಆಂಪ್ ನೆಗೆಟಿವ್ ಫೀಡ್‌ಬ್ಯಾಕ್‌ನ (ಔಟ್‌ಪುಟ್‌ನ ಒಂದಂಶವನ್ನು ಹಿಂದಕ್ಕೆ ತಂದು ತಪ್ಪು ತಿದ್ದಿಕೊಳ್ಳುವ ಏರ್ಪಾಡಿನ) ಬಲದಿಂದ ಕೊನೆಯ ಗಳಿಗೆಯವರೆಗೆ ನೆಟ್ಟಗಿದ್ದು, ಆಮೇಲೆ ಮಚ್ಚಿನಿಂದ ಕಬ್ಬಿನ ಸೋಗೆ ಕತ್ತರಿಸಿದ ಹಾಗೆ ಕಡಿದುಬಿಡುತ್ತದೆ. ಆದ್ದರಿಂದ ದುಂಡಾಗಿಸುವ ಕೆಲಸ ಪೆಡಲ್‌ನಲ್ಲೇ ಮುಗಿಯಲಿ. ಐಬನೇಜ್ ಟ್ಯೂಬ್ ಸ್ಕ್ರೀಮರ್ ಜಾತಿಯ, ಫೀಡ್‌ಬ್ಯಾಕ್ ಹಾದಿಯಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ಯಾವುದಾದರೂ ಸಾಕು. "ಗೇನ್ ಕಡಿಮೆ, ಲೆವೆಲ್ ಪೂರ್ತಿ" ಎಂಬ ಉಪದೇಶ ಎಲ್ಲೆಡೆ ಸಿಗುತ್ತದೆ. ಅದು ವಾಲ್ವ್ ಆಂಪ್ ಇರುವವರಿಗೆ. ನೀವು ಆಂಪ್‌ನ ಕ್ಲೀನ್ (ಸದ್ದು ಒಡೆಯದ) ಚಾನೆಲ್ ಇಟ್ಟು, ಪೆಡಲ್ ಒತ್ತಿದರೂ ಬಿಟ್ಟರೂ ಸದ್ದು ಒಂದೇ ಮಟ್ಟದಲ್ಲಿರುವಂತೆ ಲೆವೆಲ್ ಹೊಂದಿಸಿ. ಕಡಿಮೆ ವೋಲ್ಟೇಜಿನಲ್ಲಿ ಒಂದು ವಾಲ್ವ್ ಕೂರಿಸಿ, ಅದರ ಹಿಂದೆ ಕಿತ್ತಳೆ ಎಲ್‌ಇಡಿ ಹೊತ್ತಿಸಿದ ಪೆಡಲ್‌ಗಳೂ ಇವೆ. ದುಡ್ಡು ಹೋಗುವುದು ದೀಪಕ್ಕೆ.

ಇನ್ನೊಂದು ಗುಟ್ಟು ಔಟ್‌ಪುಟ್‌ನಲ್ಲಿದೆ. 8 ಓಮ್ ಎಂಬುದು ಸ್ಪೀಕರಿನ ಚೀಟಿಯ ಮೇಲಿನ ಮಾತು. ಅನುರಣನದ ಬಳಿ (ಸ್ಪೀಕರ್ ತಾನಾಗಿಯೇ ಹೆಚ್ಚು ಕಂಪಿಸುವ ಕಡೆ), ಅಂದರೆ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ, ಅದು ಹಲವು ಪಟ್ಟು ಏರುತ್ತದೆ, ಮೇಲಿನ ತಾರ ಸ್ವರಗಳಲ್ಲೂ ಏರುತ್ತದೆ. ವಾಲ್ವ್ ಆಂಪ್ ಅಲ್ಲೆಲ್ಲ ಹೆಚ್ಚು ವೋಲ್ಟೇಜ್ ಬಿಟ್ಟುಕೊಡುವುದರಿಂದ ತಳ ತುಂಬಿಕೊಂಡು ಮೇಲೆ ಹೊಳಪು ಬರುತ್ತದೆ. ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಸ್ಪೀಕರ್ ಮತ್ತು ಗ್ರೌಂಡ್ ನಡುವೆ 0.22 ಓಮ್, 5 ವ್ಯಾಟ್‌ನಂಥ ರೆಸಿಸ್ಟರ್ ಇಟ್ಟು, ಅಲ್ಲಿಂದ ಫೀಡ್‌ಬ್ಯಾಕ್ ಹಿಂತಿರುಗಿಸಿದರೆ ಈ ಗುಣ ಬಹುಪಾಲು ಸಿಗುತ್ತದೆ. ಸ್ಪೀಕರಿನ ಎರಡೂ ತುದಿ ಚಾಲನೆಯಲ್ಲಿರುವ ಬ್ರಿಡ್ಜ್ ಆಂಪ್‌ನಲ್ಲಿ ಇದು ನಡೆಯದು. ಬೆಸುಗೆ ಬಲ್ಲವರಿಂದಲೇ ಮಾಡಿಸಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಚಾರ್ಜ್ ಹಿಡಿದಿರುತ್ತದೆ.

ಆಂಪ್‌ನ ಹಿಂಬದಿಯಲ್ಲಿ ಎಷ್ಟು ಓಮ್ ಎಂದಿದೆ, ಒಳಗಿರುವುದು ಯಾವ ಐಸಿ (ಚಿಪ್) ಎಂದು ತಿಳಿಸಿ. ಆ ರೆಸಿಸ್ಟರ್ ಎಲ್ಲಿ ಕೂರಬೇಕೆಂದು ಚಿತ್ರ ಬರೆದು ಹಾಕುತ್ತೇನೆ.