ಅಮ್ಮನಿಗೆ ಹೇಳಬಾರದ್ದು, ಅಪ್ಪನಿಗೆ ಹೇಳಬಾರದ್ದು

ಒಂಬತ್ತು ವರ್ಷದ ಆ ಹುಡುಗಿಗೆ ತಿಂಗಳಲ್ಲಿ ಎರಡು ಭಾನುವಾರ ಸಂಜೆ ಮಾತ್ರ ಹೊಟ್ಟೆನೋವು ಬರುತ್ತಿತ್ತು. ಮಕ್ಕಳ ವೈದ್ಯರು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದರು. ಏನೂ ಕಾಣಲಿಲ್ಲ. ಕೊನೆಗೆ ಅವರೇ ತಾಯಿಯನ್ನು ಆಪ್ತಸಮಾಲೋಚನೆಗಾಗಿ ನನ್ನ ಬಳಿಗೆ ಕಳುಹಿಸಿದರು. ತಾಯಿಗೆ ನಾನು ಮೊದಲು ಹೇಳಿದ್ದು, ಮಗು ನಾಟಕ ಮಾಡುತ್ತಿಲ್ಲ, ನೋವು ನಿಜ ಎಂದು. ಬಾಯಲ್ಲಿ ಆಡಲಾಗದ ಮಾತನ್ನು ಮಕ್ಕಳ ಮೈ ಆಡುತ್ತದೆ.

ಗುರುತು ಸಿಗುವ ವಿವರಗಳನ್ನು ಬದಲಿಸಿ, ತಾಯಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಆಕೆ ಮೈಸೂರಿನಲ್ಲಿ ಉಪನ್ಯಾಸಕಿ, ಹುಡುಗಿಯ ತಂದೆ ಬೆಂಗಳೂರಿನಲ್ಲಿ ಉದ್ಯೋಗಿ. ಎರಡು ವರ್ಷಗಳ ಹಿಂದೆ ಪರಸ್ಪರ ಒಪ್ಪಿಗೆಯ ವಿಚ್ಛೇದನವಾಗಿತ್ತು. ಮಗಳು ತಾಯಿಯ ಬಳಿ ಇರುವುದು, ಎರಡನೆಯ ಮತ್ತು ನಾಲ್ಕನೆಯ ವಾರಾಂತ್ಯ ಮೈಸೂರಿನಲ್ಲೇ ಇರುವ ಅಜ್ಜನ ಮನೆಯಲ್ಲಿ ತಂದೆಯೊಂದಿಗೆ ಕಳೆಯುವುದು, ದಸರೆ ಮತ್ತು ಬೇಸಿಗೆ ರಜೆಯನ್ನು ಅರ್ಧರ್ಧ ಹಂಚಿಕೊಳ್ಳುವುದು ಎಂದು ಕರಾರಾಗಿತ್ತು. ಕಾಗದದ ಮೇಲೆ ಕೊರತೆಯೇನೂ ಇರಲಿಲ್ಲ.

ನಡೆದದ್ದು ಬೇರೆ. ಹತ್ತಕ್ಕೆ ಬರುವೆನೆಂದವನು ಒಂದಕ್ಕೆ ಬರುತ್ತಿದ್ದ. ಹಿಂದಿನ ರಾತ್ರಿ ದಿನವನ್ನೇ ಬದಲಿಸುತ್ತಿದ್ದ. ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಇಪ್ಪತ್ತು ವಾಟ್ಸ್ಆ್ಯಪ್ ಸಂದೇಶಗಳು ಬಂದು ಬೀಳುತ್ತಿದ್ದವು, ಅರ್ಧಕ್ಕರ್ಧ ಹಳೆಯ ಸಂಸಾರದ ಲೆಕ್ಕಗಳೇ. ಹುಡುಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು, ಮನೆಗೆ ಯಾರು ಯಾರು ಬರುತ್ತಾರೆ ಎಂದು ವಿಚಾರಿಸುತ್ತಿದ್ದ.

ಮೂರನೆಯ ಭೇಟಿಯಲ್ಲಿ ಹುಡುಗಿ ತನ್ನ ನೋಟುಪುಸ್ತಕವನ್ನು ತಾನಾಗಿ ತೆರೆದು ತೋರಿಸಿದಳು. ಕೊನೆಯ ಪುಟದ ನಡುವೆ ಸ್ಕೇಲಿನಿಂದ ನೇರ ಗೆರೆ ಎಳೆದಿದ್ದಳು. ಒಂದು ಬದಿಗೆ ‘ಅಮ್ಮನಿಗೆ ಹೇಳಬಾರದ್ದು’, ಇನ್ನೊಂದು ಬದಿಗೆ ‘ಅಪ್ಪನಿಗೆ ಹೇಳಬಾರದ್ದು’. ಅಮ್ಮನಿಗೆ ಹೇಳಬಾರದ್ದರಲ್ಲಿ ಐಸ್‌ಕ್ರೀಂ ಇತ್ತು, ಹನ್ನೊಂದು ಗಂಟೆಯವರೆಗೆ ನೋಡಿದ ಟಿವಿ ಇತ್ತು, ‘ಅಜ್ಜಿ ಅತ್ತದ್ದು’ ಎಂದೂ ಇತ್ತು. ಅಪ್ಪನಿಗೆ ಹೇಳಬಾರದ್ದರಲ್ಲಿ ಮಾವ ಕೊಡಿಸಿದ ಚಪ್ಪಲಿ, ಅಮ್ಮನ ಹೊಸ ಸ್ಕೂಟರ್. ಎರಡೂ ಬದಿಯ ಕೊನೆಯ ಸಾಲು ಒಂದೇ: ‘ನನಗೆ ಖುಷಿಯಾದದ್ದು.’

ಇಷ್ಟು ವರ್ಷಗಳ ಕೆಲಸದಲ್ಲಿ ನನ್ನನ್ನು ಹೀಗೆ ಕಲಕಿದ ಪುಟಗಳು ಕಡಿಮೆ. ಒಂದು ಮನೆಯಲ್ಲಿ ಪಟ್ಟ ಸಂತೋಷವನ್ನು ಇನ್ನೊಂದು ಮನೆಯ ಬಾಗಿಲಲ್ಲಿ ಕಳಚಿಟ್ಟು ಒಳಗೆ ಹೋಗಬೇಕೆಂದು ಈ ಮಗುವಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ದೊಡ್ಡವರ ಮುಖ ನೋಡಿ ತಾನೇ ಕಲಿತುಕೊಂಡಿತ್ತು.

ಹುಡುಗಿಯ ಅನುಮತಿ ಕೇಳಿ ತಾಯಿಗೆ ಆ ಪುಟ ತೋರಿಸಿದೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಭಾನುವಾರ ಬಂದ ಕೂಡಲೇ ನಾನೂ ಕೇಳುತ್ತೇನೆ, ಏನು ತಿಂದೆ, ಏನಂದರು ಎಂದು” ಎಂದರು. ನಮ್ಮ ಕೆಲಸ ನಿಜವಾಗಿ ಶುರುವಾದದ್ದು ಆ ಮಾತಿನಿಂದ.

ಅದಕ್ಕೆ ಮುಂಚೆ ನನ್ನಿಂದ ಒಂದು ತಪ್ಪಾಗಿತ್ತು. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಮಗಳಿಗಾಗಿ ಒಂದು ಒಪ್ಪಂದಕ್ಕೆ ಬರುತ್ತಾರೆಂದು ನಂಬಿ ಕರೆಸಿದ್ದೆ. ಅರ್ಧ ಗಂಟೆಯೊಳಗೆ ಮಾತು ಮದುವೆಯ ಒಡವೆಗೆ ಹೋಯಿತು. ಆತ ಎದ್ದು ಹೋದವನು ಮತ್ತೆ ಬರಲಿಲ್ಲ. ಕೆಲವರಿಗೆ ಮಾತುಕತೆಯೇ ಜಗಳದ ಕಣ. ಅಂಥವರನ್ನು ‘ಕೂಡಿ ಬೆಳೆಸಿ’ ಎಂದು ಒತ್ತಾಯಿಸುವುದು ಕ್ರೌರ್ಯ. ಒಬ್ಬರಿಗೊಬ್ಬರು ಆದಷ್ಟು ಕಡಿಮೆ ತಾಗುವಂತೆ, ಎರಡು ಮನೆಗಳು ಬೇರೆ ಬೇರೆಯಾಗಿಯೇ ಮಗುವನ್ನು ನೋಡಿಕೊಳ್ಳುವ ಸಮಾನಾಂತರ ಪಾಲನೆ ಅವರಿಗೆ ಒಗ್ಗುತ್ತದೆ. ಆತ ಬದಲಾಗಲಿ ಎಂದು ಕಾಯುವುದನ್ನು ಆಕೆ ಬಿಡಬೇಕಿತ್ತು. ಇದನ್ನು ಒಪ್ಪಿಕೊಳ್ಳಲು ಆಕೆಗೆ ಎರಡು ತಿಂಗಳು ಹಿಡಿಯಿತು, ಏಕೆಂದರೆ ಮನಸ್ಸಿನ ಮೂಲೆಯಲ್ಲಿ ಆತನಿಂದ ಒಂದು ಕ್ಷಮೆಯ ಮಾತು ಬರಬಹುದೆಂಬ ಆಸೆ ಇನ್ನೂ ಉಳಿದಿತ್ತು.

ಮೊದಲು ಬದಲಿಸಿದ್ದು ಮಗುವನ್ನು ಒಪ್ಪಿಸುವ ಜಾಗ. ಮನೆಯ ಮೆಟ್ಟಿಲ ಮೇಲೆ ಪ್ರತಿ ಸಲವೂ ಜಗಳವಾಗುತ್ತಿತ್ತು. ಶನಿವಾರ ಬೆಳಿಗ್ಗೆ ಹುಡುಗಿಗೆ ಭರತನಾಟ್ಯದ ತರಗತಿ ಇದೆ. ತಾಯಿ ಅಲ್ಲಿಗೆ ಬಿಟ್ಟು ಬರುವುದು, ಮುಗಿದ ಮೇಲೆ ತಂದೆ ಅಲ್ಲಿಂದಲೇ ಕರೆದೊಯ್ಯುವುದು ಎಂದು ಪತ್ರ ಬರೆದು ತಿಳಿಸಿದೆವು, ಆತ ಒಪ್ಪಿದ. ತಡವಾದರೂ ಹುಡುಗಿ ಗೆಳತಿಯರ ಜೊತೆ ಇರುತ್ತಾಳೆ, ಗೇಟಿನ ಬಳಿ ಕಣ್ಣು ನೆಟ್ಟು ನಿಂತಿರುವುದಿಲ್ಲ.

ಎರಡನೆಯದು ಸಂದೇಶ. ವಾಟ್ಸ್ಆ್ಯಪ್ ಬಿಟ್ಟು ಇಮೇಲ್, ಅದನ್ನೂ ದಿನಕ್ಕೊಮ್ಮೆ ರಾತ್ರಿ ಒಂಬತ್ತಕ್ಕೆ ತೆರೆಯುವುದು. ಆಸ್ಪತ್ರೆಯಂಥ ತುರ್ತಿಗೆ ಮಾತ್ರ ಫೋನು. ಆಕೆಯ ಹಳೆಯ ಉತ್ತರವೊಂದು ಹೀಗಿತ್ತು: “ನಿಮಗೆ ಎಂದಾದರೂ ಜವಾಬ್ದಾರಿ ಇತ್ತೇ? ಮಗಳಿಗೆ ಜ್ವರ ಎಂದರೂ ಬಿಡುವುದಿಲ್ಲ, ನಿಮ್ಮ ತಾಯಿಯೂ ಹೀಗೆಯೇ.” ಅದನ್ನು ಇಬ್ಬರೂ ಕೂತು ತಿದ್ದಿದೆವು: “ನಮಸ್ಕಾರ. ಮಗಳಿಗೆ ನಿನ್ನೆಯಿಂದ ಜ್ವರವಿದೆ. ವೈದ್ಯರ ಚೀಟಿಯೂ ಔಷಧವೂ ಅವಳ ಚೀಲದಲ್ಲಿವೆ. ಭಾನುವಾರ ಸಂಜೆ 6ಕ್ಕೆ ಬಂದು ಕರೆದುಕೊಳ್ಳುತ್ತೇನೆ.” ಮಗುವಿಗೆ ಸಂಬಂಧಿಸಿದ್ದು ಅಷ್ಟೇ. ಆರೋಪಕ್ಕೆ ಉತ್ತರ ಬೇಡ, ಸಮರ್ಥನೆ ಬೇಡ. “ಅಂದರೆ ನಾನು ಸೋತಂತೆ ಅಲ್ಲವೇ?” ಎಂದು ಆಕೆ ಕೇಳಿದ್ದರು. ಉತ್ತರಿಸದ ಆರೋಪ ಒಪ್ಪಿದಂತಾಗುವುದಿಲ್ಲ ಎಂದೆ. ಆತ ತಡವಾಗಿ ಬಂದ ದಿನ, ಗಂಟೆಯನ್ನು ಮಾತ್ರ ವಿಶೇಷಣಗಳಿಲ್ಲದೆ ಡೈರಿಯಲ್ಲಿ ಬರೆದಿಡಲು ಹೇಳಿದೆ. ಮಗುವಿನ ಪಾಲನೆಯ ಆದೇಶವನ್ನು ಮುಂದೆ ಬದಲಿಸಲು ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅವಕಾಶ ಕೊಡುತ್ತದೆ. ಆಗ ಕೋಪದ ಮಾತಿಗಿಂತ ಈ ಡೈರಿ ಉಪಯೋಗಕ್ಕೆ ಬರುತ್ತದೆ.

ನಡುವೆ ಒಂದು ದಿನ ಆತ 2013ರ ಕರ್ನಾಟಕ ಹೈಕೋರ್ಟ್ ತೀರ್ಪೊಂದರ ಸುದ್ದಿ ಕಳುಹಿಸಿದ. ಪಾಲನೆಯನ್ನು ವರ್ಷದಲ್ಲಿ ಅರ್ಧರ್ಧ ತಂದೆತಾಯಿಗೆ ಹಂಚಿದ ತೀರ್ಪು ಅದು. ‘ನನಗೂ ಆರು ತಿಂಗಳು ಬರುತ್ತದೆ’ ಎಂದು ಬರೆದಿದ್ದ. ಆಕೆ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಜಂಟಿ ಪಾಲನೆಗೆ ಕಾನೂನಿನಲ್ಲಿ ಜಾಗ ಕೊಡಬೇಕೆಂದು ಕಾನೂನು ಆಯೋಗವೂ 2015ರಲ್ಲಿ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿದೆ, ನಿಜ. ಆದರೆ ಒಂದು ಮಗುವಿಗೆ ಹೊಂದಿದ ಏರ್ಪಾಡು ಇನ್ನೊಂದಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ನ್ಯಾಯಾಲಯ ನೋಡುವುದು ಈ ಮಗುವಿನ ಹಿತವನ್ನು. ಉಚಿತ ಕಾನೂನು ನೆರವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲು ಹೇಳಿದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ನೆರವು ಸಿಗುತ್ತದೆ, ಅದು ಎಷ್ಟೋ ಹೆಣ್ಣುಮಕ್ಕಳಿಗೆ ತಿಳಿದಿಲ್ಲ.

“ದುಡ್ಡು ಕಟ್ಟದಿದ್ದರೆ ಮಗಳನ್ನು ಕಳುಹಿಸಬೇಡ” ಎಂದು ಆಕೆಯ ಅಣ್ಣ ಹೇಳುತ್ತಿದ್ದರು. ನಾನು ಖಂಡಿತ ಬೇಡವೆಂದೆ. ಜೀವನಾಂಶದ ಬಾಕಿಯನ್ನು ನ್ಯಾಯಾಲಯದ ಮೂಲಕ ವಸೂಲಿ ಮಾಡಬೇಕು, ಮಗುವನ್ನು ಅಡವಿಡಬಾರದು. ಆತನ ಮನೆಯಲ್ಲಿ ಐಸ್‌ಕ್ರೀಂ, ತಡರಾತ್ರಿಯ ಟಿವಿ ನಿಮಗೆ ಇಷ್ಟವಾಗದ ಸಂಗತಿಗಳು, ಅವನ್ನು ಬಿಟ್ಟುಬಿಡಿ. ಕುಡಿದು ಕಾರು ಓಡಿಸುವುದು, ಹೊಡೆಯುವುದು, ಮಗು ಅಲ್ಲಿಗೆ ಹೋಗಲು ಹೆದರಿ ನಡುಗುವುದು ಅಪಾಯ. ಅಲ್ಲಿ ಹೊಂದಾಣಿಕೆಯ ಮಾತೇ ಇಲ್ಲ, ವಕೀಲರನ್ನೂ ಮಕ್ಕಳ ಸಹಾಯವಾಣಿ 1098 ಅನ್ನೂ ಸಂಪರ್ಕಿಸಬೇಕು. ಈ ಪ್ರಕರಣದಲ್ಲಿ ಹಾಗಿರಲಿಲ್ಲ. ಆತನಿಗೆ ಮಗಳ ಮೇಲೆ ಪ್ರೀತಿಯಿದೆ, ಅದನ್ನು ನಾನು ಆ ಅರ್ಧ ಗಂಟೆಯಲ್ಲೇ ಕಂಡಿದ್ದೆ.

ತಾಯಿಯ ಮನೆಯ ಅಜ್ಜಿಯನ್ನು ಒಮ್ಮೆ ಕರೆಸಿದೆ. ಹುಡುಗಿ ಹಠ ಮಾಡಿದಾಗಲೆಲ್ಲ ಅವರು, “ಥೇಟ್ ಅಪ್ಪನದೇ ಬುದ್ಧಿ” ಎನ್ನುತ್ತಿದ್ದರು. ಅಪ್ಪ ಕೆಟ್ಟವನೆಂದು ದಿನವೂ ಕೇಳುವ ಮಗುವಿಗೆ, ನೀನೂ ಅವನ ಹಾಗೆ ಎಂದರೆ ಏನು ತಲುಪುತ್ತದೆ? ಅಜ್ಜಿಗೆ ಕೂಡಲೇ ಅರ್ಥವಾಯಿತು. ಕಣ್ಣೊರೆಸಿಕೊಂಡು ಹೋದರು.

ಭಾನುವಾರದ ಪ್ರಶ್ನೆಗಳು ನಿಂತವು. ಬಂದ ಕೂಡಲೇ ಸ್ನಾನ, ಬಿಸಿ ಅನ್ನ ಸಾರು, ಅವಳಾಗಿ ಹೇಳಿದರೆ ಕೇಳುವುದು. ಒಮ್ಮೆ ಹುಡುಗಿ, “ಮನೆ ಬಿಟ್ಟು ಬಂದದ್ದು ನೀನಂತೆ, ನಿಜವೇ?” ಎಂದಳಂತೆ. ತಾಯಿ ನಾವು ಅಭ್ಯಾಸ ಮಾಡಿದ್ದ ಮಾತನ್ನೇ ಹೇಳಿದರು: “ಅದು ದೊಡ್ಡವರ ವಿಷಯ ಮಗಳೇ. ನಿನ್ನಿಂದ ಆದದ್ದಲ್ಲ. ಅಪ್ಪನ ಜೊತೆ ನೀನು ಖುಷಿಯಾಗಿದ್ದರೆ ನನಗೂ ಖುಷಿ.” ಕೊನೆಯ ವಾಕ್ಯ ಹೇಳುವಾಗ ಗಂಟಲು ಕಟ್ಟಿತು ಎಂದರು. ಕಟ್ಟಲಿ, ಆದರೂ ಹೇಳಿದರಲ್ಲ.

ಒಂಬತ್ತು ತಿಂಗಳಾಗಿದೆ. ಆತ ಈಗಲೂ ತಡವಾಗಿಯೇ ಬರುತ್ತಾನೆ. ಉದ್ದುದ್ದ ಸಂದೇಶಗಳು ಕಡಿಮೆಯಾಗಿವೆ, ನಿಂತಿಲ್ಲ. ಹೊಟ್ಟೆನೋವು ಕಳೆದ ಮೂರು ತಿಂಗಳಲ್ಲಿ ಒಮ್ಮೆ ಬಂದಿದೆ, ದಸರೆ ರಜೆಯ ದಿನಗಳಿಗಾಗಿ ಎಳೆದಾಟ ನಡೆದ ವಾರ. ಮುಂದಿನ ತಿಂಗಳು ಹುಡುಗಿಯ ಮೊದಲ ನೃತ್ಯ ಪ್ರದರ್ಶನವಿದೆ. ಇಬ್ಬರೂ ಬರಬೇಕೆಂಬುದು ಅವಳ ಆಸೆ. ಯಾರು ಯಾವ ಸಾಲಿನಲ್ಲಿ ಕೂರಬೇಕೆಂದು ಅವಳೇ ನೋಟುಪುಸ್ತಕದಲ್ಲಿ ಚಿತ್ರ ಬರೆದು ತಂದಿದ್ದಳು: ಅಮ್ಮ ಎಡಗಡೆ, ಅಪ್ಪ ಬಲಗಡೆ, ನಡುವೆ ಎರಡೂ ಮನೆಯ ಅಜ್ಜಿಯರು. ಅಜ್ಜಿಯರನ್ನು ಒಪ್ಪಿಸುವ ಕೆಲಸವನ್ನು ನನಗೆ ವಹಿಸಿ ಹೋಗಿದ್ದಾಳೆ.